ನೋಡ್ಕೋತೀನಿ ಅಂದ ಮೆಷಿನ್ನು

ಫೋನ್ ಎತ್ತಿ "ಹಲೋ" ಅಂದರೆ ಸಾಕು, ಆ ಕಡೆ ಯಾರಿದ್ದಾರೆಂದು ನನಗೆ ಗೊತ್ತಾಗಿಬಿಡುತ್ತಿತ್ತು. ಜಂಬ ಅನ್ನುವುದಾದರೆ ಅನ್ನಿ, ಜಂಬವೇ ಇತ್ತು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಫೋನಿನ ಮುಂದೆ ಕೂತು ಸಿಲಿಂಡರ್ ಬುಕಿಂಗ್ ಬರೆದುಕೊಳ್ಳುವುದು ನನ್ನ ಕೆಲಸ. ಎಂಬತ್ತರ ದಶಕದ ನಡುವಿನ ಮಾತು ಇದು. ಗಿರಾಕಿಗಳು ಕಾರ್ಡಿನ ನಂಬರ್ ಹೇಳಿ ಬುಕ್ ಮಾಡಬೇಕೆಂಬುದು ನಿಯಮ. ನಮ್ಮ ಹೆಂಗಸರಲ್ಲಿ ಯಾರೂ ಅದನ್ನು ಹೇಳುತ್ತಿರಲಿಲ್ಲ. "ನಾನಮ್ಮ" ಅನ್ನುತ್ತಿದ್ದರು, ಅಷ್ಟೇ. "ಗೊತ್ತಾಯ್ತು ಹೇಳಿ, ಖಾಲಿ ಆಯ್ತಾ?" ಎಂದು ನಾನು ಕೇಳುತ್ತಿದ್ದೆ.

ಇದಕ್ಕೆಂದೇ ನನ್ನದೊಂದು ಸ್ವಂತ ನೋಟ್‌ಬುಕ್ ಇತ್ತು. ಕಾರ್ಡುಗಳೆಲ್ಲ ಗಂಡಂದಿರ ಹೆಸರಲ್ಲಿ, ಫೋನ್ ಮಾಡುವವರೆಲ್ಲ ಹೆಂಡತಿಯರು. ಹಾಗಾಗಿ ನಂಬರಿನ ಪಕ್ಕದಲ್ಲಿ ನನಗೆ ತಿಳಿಯುವ ಹಾಗೆ ಗುರುತು ಹಾಕಿಕೊಂಡಿದ್ದೆ. ನುಗ್ಗೆಮರದ ಮನೆ, ಕೆಮ್ಮುವ ಅಜ್ಜಿ, ಇಬ್ಬರು ಸೊಸೆಯರು, ಸಂಗೀತ ಮೇಷ್ಟ್ರ ಮನೆ. ಯಾರ ಮನೆಯಲ್ಲಿ ಮದುವೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರಿಗೆ ನಾಲ್ಕು ದಿನ ಮುಂಚೆ ಸಿಲಿಂಡರ್ ಬೇಕು, ಎಲ್ಲ ನನ್ನ ತಲೆಯಲ್ಲಿತ್ತು. ಅವರೂ ಬಿಡುತ್ತಿರಲಿಲ್ಲ. ತಿಂಡಿ ಆಯ್ತಾ, ನಿಮ್ಮಮ್ಮನ ಮಂಡಿ ನೋವು ಹೇಗಿದೆ, ಗಂಡು ನೋಡ್ತಿದ್ದಾರಾ ನಿನಗೆ, ಇವೆಲ್ಲ ಮುಗಿದ ಮೇಲೇ ಸಿಲಿಂಡರಿನ ಮಾತು ಬರುತ್ತಿದ್ದದ್ದು. ಆ ಹೊತ್ತಿಗೆ ವಿಲ್ಸನ್ ಗಾರ್ಡನ್ನಿನ ನಮ್ಮ ಮನೆಯಲ್ಲಿ ಅಮ್ಮ ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆಯುತ್ತಿದ್ದಳು ಅನ್ನುವುದು ಬೇರೆ ಮಾತು. ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದ ನಮಗೇ ಗ್ಯಾಸ್ ಕನೆಕ್ಷನ್ ಸಿಕ್ಕಿರಲಿಲ್ಲ.

ಹೀಗಿರುವಾಗ ನಮ್ಮ ಮಾಲೀಕರ ಭಾಮೈದ ಸಿಂಗಪುರಕ್ಕೆ ಹೋಗಿ ಬಂದ. ಮಾಲೀಕರು ಸಾರಕ್ಕಿಯ ಹಳೇ ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಗೆ ಹೋದ ಮೇಲೆ ವ್ಯಾಪಾರಕ್ಕೆ ಇಳಿದಿದ್ದರು. ಹೊಸ ವಸ್ತು ಅಂದರೆ ಅವರಿಗೆ ಎಲ್ಲಿಲ್ಲದ ಆಸೆ. ಭಾಮೈದ ತಂದುಕೊಟ್ಟ ಕಪ್ಪು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಟ್ಟು, "ನೋಡಮ್ಮ, ನಾವಿಲ್ದಿದ್ರೂ ಇದು ಫೋನ್ ಎತ್ತುತ್ತೆ. ಅವರು ಹೇಳಿದ್ದನ್ನ ರೆಕಾರ್ಡ್ ಮಾಡ್ಕೊಳ್ಳುತ್ತೆ. ಭಾನುವಾರನೂ ಬುಕಿಂಗ್!" ಎಂದರು. ಅದರೊಳಗೆ ಎರಡು ಪುಟ್ಟ ಕ್ಯಾಸೆಟ್. ಒಂದು ನಮ್ಮ ಮಾತಿಗೆ, ಇನ್ನೊಂದು ಗಿರಾಕಿಯ ಮಾತಿಗೆ. ಗಿರಾಕಿಗೆ ಸಿಗುವುದು ಮೂವತ್ತು ಸೆಕೆಂಡು. ಯಾರಾದರೂ ಮಾತು ಬಿಟ್ಟು ಹೋಗಿದ್ದರೆ ಮೂಲೆಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು.

ಭಾಮೈದ ವೈರು ಜೋಡಿಸುತ್ತ, "ಇನ್ಮೇಲೆ ಫೋನ್‌ಗೇ ಅಂತ ಒಬ್ಬರನ್ನ ಕೂರಿಸ್ಬೇಕಾಗಿಲ್ಲ ಭಾವ" ಎಂದ. ನಾನು ಅಲ್ಲೇ ನಿಂತಿದ್ದೆ. ಮಾಲೀಕರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದರು. ಅಪ್ಪ ಹೋದ ಮೇಲೆ ನಮ್ಮ ಮನೆ ನಡೆಯುತ್ತಿದ್ದದ್ದು ಫೋನಿನ ಮುಂದಿನ ಆ ಕುರ್ಚಿಯ ಮೇಲೆ. ಹಾಳಾದ್ದು, ಅಂಗೈಯಗಲದ ಪೆಟ್ಟಿಗೆ ಬಂದು ನನ್ನನ್ನು ಎಬ್ಬಿಸುತ್ತದಾ ಎಂದು ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದುಕೊಂಡೆ.

ನಮ್ಮ ಕಡೆಯ ಮಾತನ್ನು ನಾನೇ ರೆಕಾರ್ಡ್ ಮಾಡಬೇಕೆಂದಾಯಿತು. ಫ್ಯಾನ್ ನಿಲ್ಲಿಸಿ, ಶಟರ್ ಅರ್ಧ ಎಳೆದು, ಮಾಲೀಕರು ಬರೆದುಕೊಟ್ಟಿದ್ದನ್ನು ಓದಿದೆ. "ನಮಸ್ಕಾರ. ಸದ್ಯಕ್ಕೆ ಕಚೇರಿ ಮುಚ್ಚಿರುತ್ತದೆ. ಬೀಪ್ ಶಬ್ದದ ನಂತರ ತಮ್ಮ ಗ್ರಾಹಕ ಸಂಖ್ಯೆಯನ್ನು ತಿಳಿಸತಕ್ಕದ್ದು." ಬೇಕೆಂದೇ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಓದಿದೆ, ಸುಳ್ಳೇಕೆ ಹೇಳಲಿ. ಮೊದಲ ಸೋಮವಾರ ಬಂದು ನೋಡಿದರೆ ಟೇಪಿನ ತುಂಬ ಫೋನ್ ಇಡುವ ಟಕ್ ಟಕ್ ಶಬ್ದ. ನಡುವೆ ಒಬ್ಬ ಗಂಡಸಿನ ದನಿ, "ಯಾರೋ ಭಾಷಣ ಮಾಡ್ತಾವ್ರೆ ಕಣೇ, ಇಟ್ಬಿಡು" ಎಂದಿತು. ಅಷ್ಟೇ.

ಎಷ್ಟು ಖುಷಿಯಾಯಿತೆಂದರೆ ಮಧ್ಯಾಹ್ನ ಶಾಪಿಂಗ್ ಕಾಂಪ್ಲೆಕ್ಸಿಗೆ ಹೋಗಿ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದೆ. ಆದರೆ ಮಾಲೀಕರ ಮುಖ ಬಾಡಿತ್ತು. "ದುಡ್ಡು ದಂಡ ಆಯ್ತಲ್ಲಮ್ಮ" ಎಂದು ಪೆಟ್ಟಿಗೆಯ ಮೇಲೆ ಕೈಯಾಡಿಸಿದರು. ಆಗ ನನ್ನ ತಲೆಗೆ ಒಂದು ಬುದ್ಧಿ ಬಂತು. ಅದನ್ನು ಬುದ್ಧಿ ಅಂತ ಯಾಕೆ ಕರೆಯಬೇಕೋ ಗೊತ್ತಿಲ್ಲ. ಈ ಮೆಷಿನ್ ನಡೆಯಬೇಕಾದರೆ ಅದರಲ್ಲಿ ನಾನು ಇರಲೇಬೇಕು ಎಂದು ತೋರಿಸಿಬಿಟ್ಟರೆ? ಆಮೇಲೆ ನನ್ನನ್ನು ಯಾರು ಎಬ್ಬಿಸುತ್ತಾರೆ? "ಸಾರ್, ನಮ್ಮವರ ಹತ್ರ ಹಿಂಗಲ್ಲ ಮಾತಾಡೋದು. ನಾನು ದಿನಾ ಮಾತಾಡೋ ಹಂಗೆ ಹೇಳ್ಲಾ?" ಎಂದು ಕೇಳಿದೆ. ಅವರು ತಲೆಯಾಡಿಸಿದರು. ನಾನು ಬಟನ್ ಒತ್ತಿ, ನಗುನಗುತ್ತ ಹೇಳಿದೆ.

"ಹಲೋ, ಹೇಳಿ, ನಾನೇ. ಏನಾಗ್ಬೇಕಿತ್ತು ಹೇಳಿ, ನಾನು ನೋಡ್ಕೋತೀನಿ."

ಮುಂದಿನ ಸೋಮವಾರ ಟೇಪ್ ತುಂಬಿಹೋಗಿತ್ತು. ಮಾಲೀಕರು ಕುರ್ಚಿ ಎಳೆದುಕೊಂಡು ಕೂತು ಕೇಳಿದರು. "ಸಖತ್ತಾಗಿದೆ ಕಣಮ್ಮ!" ಎಂದು ಮೇಜು ತಟ್ಟಿದರು. ಸಖತ್ತೇನೋ ನಿಜ, ಆದರೆ ಮೂವತ್ತು ಸೆಕೆಂಡು ನಮ್ಮ ಹೆಂಗಸರಿಗೆ ಎಲ್ಲಿ ಸಾಲುತ್ತದೆ? ಯೋಗಕ್ಷೇಮ ಕೇಳುವಷ್ಟರಲ್ಲಿ ಬೀಪ್ ಎಂದು ಕಟ್ಟಾಗುತ್ತಿತ್ತು. "ಕಟ್ ಆಗ್ಹೋಯ್ತು ಕಣೇ" ಎಂದು ಮತ್ತೆ ಮಾಡಿ, ಎಲ್ಲಿಗೆ ಬಿಟ್ಟಿದ್ದರೋ ಅಲ್ಲಿಂದಲ್ಲ, ಮತ್ತೆ ತಿಂಡಿಯಿಂದಲೇ ಶುರು. ಟೇಪಿನಲ್ಲಿ ಎಲ್ಲರ ದನಿಯೂ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಬೇರೆ. ನನಗೇ ಕೆಲವರ ಗುರುತು ಹತ್ತುತ್ತಿರಲಿಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಅಂದಾಜಿನಲ್ಲಿ ಬರೆದುಕೊಂಡು, ಅನುಮಾನ ಬಂದದ್ದನ್ನು ಮಂಗಳವಾರ ಅವರೇ ಫೋನ್ ಮಾಡಿ ಜಗಳ ಆಡಿದಾಗ ಸರಿಮಾಡುತ್ತಿದ್ದೆ.

ಹೀಗೆ ಐದಾರು ವಾರ ನಡೆಯಿತು. ಆಮೇಲೆ ಆ ಸೋಮವಾರ ಬಂತು.

ಒಂಬತ್ತಕ್ಕೆ ಆಫೀಸಿಗೆ ಬಂದು, ಟೇಪ್ ಹಿಂದಕ್ಕೆ ಸುತ್ತಿ, ಪೆನ್ನು ಹಿಡಿದು ಕೂತೆ. ನಾಲ್ಕೈದು ಬುಕಿಂಗ್ ಆದ ಮೇಲೆ ಒಂದು ಹೆಣ್ಣು ದನಿ. ಅದರ ಹಿಂದೆ ಏನೋ ಗರಗರ ಸದ್ದು. "ಹಲೋ... ನಾನಮ್ಮ. ಚೆನ್ನಾಗಿದ್ದೀಯಾ? ತಿಂಡಿ ಆಯ್ತಾ? ಭಾನುವಾರನೂ ಆಫೀಸಾ ನಿಂಗೆ, ಪಾಪ. ಅಮ್ಮನ ಮಂಡಿ ಹೆಂಗಿದೆ?" ಸ್ವಲ್ಪ ಹೊತ್ತು ಮೌನ. ನನ್ನ ಉತ್ತರಕ್ಕೆ ಕಾಯುತ್ತಿದ್ದರು. "ಕೆಲ್ಸದಲ್ಲಿದ್ದೀಯ ಅನ್ಸುತ್ತೆ, ಇರ್ಲಿ. ಏನಿಲ್ಲ, ನಿನ್ನೆ ಬಂತಲ್ಲ ಸಿಲಿಂಡರ್ರು, ಅದು ಆರ್ಸಿದ್ರೂ ವಾಸ್ನೆ ಬರ್ತಾನೇ..." ಬೀಪ್.

ಮತ್ತೆ ಫೋನ್ ಮಾಡಿರಬಹುದೆಂದು ಟೇಪನ್ನು ಕೊನೆಯತನಕ ಓಡಿಸಿದೆ. ಇಲ್ಲ. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದೆ. ಯಾರು ಇದು? ದೇವರೇ, ಯಾರು? ಶನಿವಾರ ಸಿಲಿಂಡರ್ ಹೋದ ಮನೆಗಳೇ ಎಷ್ಟೋ. ಇಡೀ ಜಯನಗರದ ದನಿ ಗೊತ್ತು ಎಂದು ಮೆರೆಯುತ್ತಿದ್ದವಳಿಗೆ ಒಂದು ದನಿ ಸಿಗಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆಯತನಕ ಒಂದು ಮನೆಯಲ್ಲಿ ಗ್ಯಾಸ್ ಸೋರುತ್ತಿದೆ, ಆ ಮನೆ ಯಾವುದೆಂದು ಗೊತ್ತಿಲ್ಲ. ಬಟನ್ ತಪ್ಪಿ ಒತ್ತಿ ಎಲ್ಲಿ ಅಳಿಸಿಬಿಡುತ್ತೇನೋ ಎಂದು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ.

ಮೂರನೇ ಸಲ ಕೇಳುವಾಗ ಆ ಗರಗರ ಸದ್ದು ಏನೆಂದು ಹೊಳೆಯಿತು. ಹಿಟ್ಟಿನ ಗಿರಣಿ. ಗಿರಣಿಯ ಪಕ್ಕ ಕಾಸು ಹಾಕುವ ಫೋನ್ ಇರುವ ಅಂಗಡಿ. ಹಿಂದಿನ ವಾರ ಅದೇ ಸದ್ದಿನ ನಡುವೆ ಒಬ್ಬರು ನನ್ನ ಹತ್ತಿರ ಗೋಗರೆದಿದ್ದರು. "ಗಿರಣಿ ಪಕ್ಕದ ಅಂಗಡಿಯಿಂದ ಮಾಡ್ತಿದೀನಿ. ಮಗಳಿಗೆ ಹೆರಿಗೆ ಆಗಿದೆ ಕಣಮ್ಮ, ಬಾಣಂತಿ ಮನೆ, ಸ್ವಲ್ಪ ಮುಂಚೆ ಕಳ್ಸು." ನೋಟ್‌ಬುಕ್ ತೆಗೆದೆ. ಇತ್ತು. ಬಾಣಂತಿ ಅಮ್ಮ. ನಂಬರ್ ಹಿಡಿದು ಕಾರ್ಡ್ ತೆಗೆದೆ. ವಿಳಾಸ ಜೆ.ಪಿ. ನಗರದ ಆಚೆ ಒಂದು ಹೊಸ ಬಡಾವಣೆ. ಸೈಟ್ ನಂಬರ್ ಇತ್ತು, ಆದರೆ ಅಲ್ಲಿ ಹತ್ತರ ಪಕ್ಕ ಹನ್ನೊಂದು ಇರುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ.

ಬಾಣಂತಿ ಅಂದಕೂಡಲೇ ನನಗೆ ಇನ್ನೊಂದು ಹೊಳೆಯಿತು. ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರು ಹಾಕುವುದು ಹತ್ತು ಗಂಟೆಯ ಹೊತ್ತಿಗೆ. ಆ ನೀರು ಕಾಯುವುದು ಬಚ್ಚಲ ಹಂಡೆಯಲ್ಲಿ, ಸೌದೆ ಉರಿಯಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಬಚ್ಚಲು ಇರುವುದು ಅಡುಗೆಮನೆಯ ಪಕ್ಕದಲ್ಲೇ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗಳನ್ನೂ ಹಾಕಿರುತ್ತಾರೆ. ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು.

ಸಿಲಿಂಡರ್ ಹಾಕುವ ಅಣ್ಣ ಆಗಲೇ ಲೋಡ್ ತುಂಬಿಕೊಳ್ಳಲು ಗೋಡೌನಿಗೆ ಹೋಗಿದ್ದರು. ಮೆಕ್ಯಾನಿಕ್ ಬರುವುದು ಹನ್ನೊಂದಕ್ಕೆ. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಮಾಲೀಕರಿಗೆ ಎಲ್ಲ ಹೇಳಿದೆ.

"ಅಣ್ಣನ್ನ ಹುಡುಕಿ ಆ ಗಿರಣಿ ಹತ್ರ ಕಳ್ಸಿ ಸಾರ್. ನಾನು ಹೋಗ್ತಿದೀನಿ."

"ನೀನು ಹೋದ್ರೆ ಇಲ್ಲಿ ಫೋನ್ ಯಾರಮ್ಮ ನೋಡ್ತಾರೆ?"

"ಮೆಷಿನ್ ಇದೆಯಲ್ಲ ಸಾರ್, ನೋಡ್ಕೊಳ್ಳುತ್ತೆ!"

ಅಷ್ಟು ಜೋರಾಗಿ ಅವರ ಮುಂದೆ ನಾನು ಎಂದೂ ಮಾತಾಡಿರಲಿಲ್ಲ. ಅವರು ತಬ್ಬಿಬ್ಬಾಗಿ ಜೇಬಿನಿಂದ ಸ್ಕೂಟರ್ ಕೀಲಿ ತೆಗೆದರು. ನಾನು ರಸ್ತೆಗೆ ಓಡಿ ಆಟೋ ಹಿಡಿದೆ.

ಸಾರಕ್ಕಿಯ ಹತ್ತಿರ ಸಂತೆಗೆ ಸೊಪ್ಪು ತರುವ ಎತ್ತಿನ ಗಾಡಿಗಳು ಅಡ್ಡಾದಿಡ್ಡಿ ನಿಂತಿದ್ದವು. ಎತ್ತಿಗೆ ಏನು ಅವಸರ? "ಸೈಡಿಂದ ಹೋಗಪ್ಪ, ಹೋಗಪ್ಪ" ಎಂದು ನಾನು ಆಟೋದವರ ಬೆನ್ನಿಗೇ ತಟ್ಟುತ್ತಿದ್ದೆ. "ಏನಕ್ಕ, ಮನೇಲಿ ಬೆಂಕಿ ಬಿದ್ದೈತಾ?" ಎಂದು ಅವರು ರೇಗಿದರು. ನೋಡ್ಕೋತೀನಿ ಅಂದವಳು ನಾನು. ಅವರು ಫೋನ್ ಮಾಡಿದ ಹೊತ್ತಿಗೆ ನಾನೇನು ಮಾಡುತ್ತಿದ್ದೆ? ತಲೆಗೆ ಎಣ್ಣೆ ಒತ್ತಿಕೊಂಡು ನಮ್ಮ ಮನೆಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದ್ದೆ. ನನ್ನ ದನಿ ಆಫೀಸಿನಲ್ಲಿ ಕೂತು ಯಾರ್ಯಾರಿಗೋ ಮಾತು ಕೊಡುತ್ತಿತ್ತು.

ಗಿರಣಿ ಸಿಕ್ಕಿತು. ಪಕ್ಕದ ಅಂಗಡಿಯವರನ್ನು, "ನಿನ್ನೆ ಇಲ್ಲಿಂದ ಫೋನ್ ಮಾಡಿದ್ರಲ್ಲ, ಬಾಣಂತಿ ಇರೋ ಮನೆಯವರು, ಎಲ್ಲಿ ಅವರ ಮನೆ?" ಎಂದು ಕೇಳಿದೆ. ಅವರು ಬೆಲ್ಲ ತೂಗುವುದನ್ನು ನಿಲ್ಲಿಸದೆ, "ಬೆಳ್ಬೆಳಗ್ಗೆ ಬ್ರೆಡ್ ತಗೊಂಡ್ಹೋದ್ರಲ್ಲ ಅವ್ರಾ? ಹಿಂದ್ಗಡೆ ಖಾಲಿ ಸೈಟ್ ದಾಟಿ ಹೋಗಿ, ಒಂಟಿ ಮನೆ" ಎಂದರು. ಖಾಲಿ ಸೈಟಿನ ಜಾಲಿಗಿಡಗಳ ನಡುವೆ ಸೀರೆ ಎತ್ತಿಕಟ್ಟಿ ಓಡಿದೆ. ಮನೆ ಕಂಡಿತು. ಮಾಡಿನ ಮೇಲೆ ಬಚ್ಚಲ ಹೊಗೆಕೊಳವೆ ಕಂಡಿತು. ಹೊಗೆ ಇರಲಿಲ್ಲ.

ಬಾಗಿಲು ತೆಗೆದವರು ನನ್ನನ್ನು ಎಂದೂ ನೋಡಿರಲಿಲ್ಲ, ನಾನೂ ಅವರನ್ನು ನೋಡಿರಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಅಂಗೈಯೆಲ್ಲ ಎಣ್ಣೆ. ನಾನು ಏದುಸಿರು ಬಿಡುತ್ತ, "ಒಲೆ ಹಚ್ಬೇಡಿ" ಎಂದೆ. ದನಿ ಕೇಳಿದ್ದೇ ತಡ ಅವರ ಮುಖ ಅರಳಿತು.

"ಅಯ್ಯೋ, ನೀನೇ ಬಂದ್ಯಾ! ನೋಡು, ನಾನು ಹೇಳ್ತಾನೇ ಇದ್ದೆ ಇವಳಿಗೆ, ಬರ್ತಾಳೆ, ಇನ್ನೊಂದು ಹತ್ತು ನಿಮಿಷ ನೋಡೋಣ ಅಂತ. ಇವತ್ತು ವಾಸ್ನೆನೂ ಅಷ್ಟಿಲ್ಲ ಕಣಮ್ಮ."

ಅವರಿಗೆ ಮೂಗು ಅಭ್ಯಾಸವಾಗಿಹೋಗಿತ್ತು. ಒಳಗೆ ಕಾಲಿಟ್ಟವಳಿಗೆ ಘಾಟು ಗಂಟಲಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಬಚ್ಚಲಿನ ಒಲೆಯಲ್ಲಿ ಸೌದೆ, ತೆಂಗಿನ ಸಿಪ್ಪೆ ಒಟ್ಟಿತ್ತು. ಹಂಡೆಯ ಕಟ್ಟೆಯ ಮೇಲೆ ಬೆಂಕಿಪೆಟ್ಟಿಗೆ. ಅದನ್ನು ಕಂಡಕೂಡಲೇ ಎತ್ತಿ ನನ್ನ ಬ್ಲೌಸಿನೊಳಗೆ ತುರುಕಿಕೊಂಡೆ. ಕಿಟಕಿ ಬಾಗಿಲೆಲ್ಲ ತೆಗೆಯುತ್ತ, "ಮಗಳನ್ನೂ ಮಗುನೂ ಹೊರಗೆ ಕರ್ಕೊಂಡ್ಬನ್ನಿ" ಎಂದೆ. "ಬಾಣಂತಿ ಕಣಮ್ಮ, ಗಾಳಿ..." ಎಂದು ಅವರು ಅನುಮಾನಿಸಿದರು. "ಗಾಳಿ ತಾಗ್ಲಿ ಅಮ್ಮ!" ಎಂದು ಕಿರುಚಿಬಿಟ್ಟೆ. ಕಿವಿಗೆ ಹತ್ತಿ ಇಟ್ಟು ತಲೆಗೆ ಸ್ಕಾರ್ಫ್ ಕಟ್ಟಿದ್ದ ಆ ಹುಡುಗಿ, ಮೈಯೆಲ್ಲ ಎಣ್ಣೆ ಹಚ್ಚಿದ್ದ ಕೂಸನ್ನು ಎದೆಗೊತ್ತಿಕೊಂಡು ಹೆದರಿದ ಕಣ್ಣುಗಳಲ್ಲಿ ನನ್ನನ್ನು ನೋಡುತ್ತ ಅಂಗಳ ದಾಟಿ ಹೋದಳು.

ವರ್ಷಗಟ್ಟಲೆ ಸಿಲಿಂಡರಿನ ಬುಕಿಂಗ್ ಬರೆದಿದ್ದೆ, ಒಂದನ್ನೂ ಮುಟ್ಟಿರಲಿಲ್ಲ. ಅಷ್ಟು ಭಾರವೆಂದು ಅವತ್ತು ಗೊತ್ತಾಯಿತು. ರೆಗ್ಯುಲೇಟರ್ ಕಳಚಿದರೂ ಬಾಯಿಯಿಂದ ಸುಯ್ಯೆನ್ನುವ ಸದ್ದು ನಿಲ್ಲಲಿಲ್ಲ. ನಾವಿಬ್ಬರೂ ಅದನ್ನು ನಿಧಾನವಾಗಿ ಎತ್ತಿ, ಎರಡು ಹೆಜ್ಜೆಗೊಮ್ಮೆ ಇಳಿಸಿ, ಹಿತ್ತಲ ಬಾಗಿಲು ದಾಟಿಸಿ, ಬಯಲಿನಲ್ಲಿ ಇಟ್ಟು ಬಂದೆವು. ಆಮೇಲೆ ಮುಂದಿನ ಜಗಲಿಯ ಮೇಲೆ ಕೂತೆ.

ಅರ್ಧ ಗಂಟೆಯಲ್ಲಿ ಅಣ್ಣ ಮಾಲೀಕರ ಸ್ಕೂಟರಿನಲ್ಲಿ ಬಂದರು. ನೋಡಿ, "ವಾಲ್ವ್ ಪಿನ್ ಸಿಕ್ಕಾಕ್ಕೊಂಡೈತೆ" ಎಂದು ಕ್ಯಾಪ್ ಒತ್ತಿ ಸದ್ದು ನಿಲ್ಲಿಸಿದರು. ಅಣ್ಣ ಯಾವ ಮನೆಯಲ್ಲೂ ಸಿಲಿಂಡರ್ ಕೂರಿಸಿ, ಸೋಪಿನ ನೀರು ಸವರಿ ಗುಳ್ಳೆ ಬರುತ್ತದಾ ನೋಡದೆ ಹೊರಡುತ್ತಿರಲಿಲ್ಲ. ಶನಿವಾರ ಈ ಮನೆಯಲ್ಲಿ ಮಾತ್ರ, "ಬಾಣಂತಿ ಇದಾಳೆ, ಬಾಗಿಲಲ್ಲೇ ಇಟ್ಹೋಗಪ್ಪ" ಎಂದು ಆ ಅಮ್ಮ ಅಂದರಂತೆ, ಇವರು ಇಟ್ಟು ಹೋಗಿದ್ದರು, ಅಮ್ಮನೇ ಕೂರಿಸಿಕೊಂಡಿದ್ದರು. ಅದನ್ನು ಹೇಳುತ್ತ ಹಣೆ ಹಣೆ ಬಡಿದುಕೊಂಡರು.

ಆ ಅಮ್ಮ ನನಗೆ ಒಂದು ಲೋಟ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು. ಯಜಮಾನರು ಊರಲ್ಲಿಲ್ಲ, ನಿನ್ನೆಯಿಡೀ ಒಲೆ ಹಚ್ಚಿಲ್ಲ, ಬಾಣಂತಿಗೆ ನೀರೂ ಹಾಕಿಲ್ಲ, ಬರೀ ಬ್ರೆಡ್ಡು ಎಂದು ಹೇಳುತ್ತ ಹೋದರು. ನಾನು ತಡೆಯಲಾರದೆ ಕೇಳಿದೆ.

"ಮತ್ತೆ ಫೋನ್ ಯಾಕೆ ಮಾಡ್ಲಿಲ್ಲಮ್ಮ? ಅಂಗಡಿಯವರಿಗಾದ್ರೂ ಹೇಳ್ಬಾರ್ದಿತ್ತಾ?"

"ನೀನು ನೋಡ್ಕೋತೀನಿ ಅಂದ್ಯಲ್ಲ. ಆಮೇಲೆ ಇನ್ನೊಬ್ಬರಿಗೆ ಹೇಳೋದು ಚೆನ್ನಾಗಿರುತ್ತಾ? ನಿನ್ನ ಮಾತಿನ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗಲ್ವಾ?"

ಲೋಟ ಕೆಳಗಿಟ್ಟೆ. ಅದು ನಾನಲ್ಲಮ್ಮ, ಮೆಷಿನ್ನು ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡಿದ್ದರು, ಆ ಎಣ್ಣೆಗೈಯಲ್ಲೇ, ಬಿಡಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಆಫೀಸಿಗೆ ವಾಪಸ್ ಬಂದು ಬ್ಲೌಸಿನೊಳಗಿಂದ ಬೆಂಕಿಪೆಟ್ಟಿಗೆ ತೆಗೆದು ಮೇಜಿನ ಮೇಲೆ ಇಟ್ಟಾಗ ಅಳು ಬಂತು.

ಅವತ್ತೇ ಶಟರ್ ಎಳೆದು ಹೊಸದಾಗಿ ರೆಕಾರ್ಡ್ ಮಾಡಿದೆ. ಮಾಲೀಕರನ್ನು ಕೇಳಲಿಲ್ಲ. "ನಾನು ಇಲ್ಲಿಲ್ಲ. ಇದು ಮೆಷಿನ್ನು, ಇದಕ್ಕೆ ಏನೂ ಗೊತ್ತಾಗಲ್ಲ. ಗ್ಯಾಸ್ ವಾಸನೆ ಬಂದ್ರೆ ಕಡ್ಡಿ ಗೀರ್ಬೇಡಿ, ಬಾಗಿಲು ತೆಗೀರಿ, ಹೊರಗೆ ಬಂದು ಅಕ್ಕಪಕ್ಕದವರನ್ನ ಕರೀರಿ. ಸಿಲಿಂಡರ್ ಬೇಕಾದ್ರೆ ಬರೀ ನಂಬರ್ ಹೇಳಿ." ಮಾಲೀಕರು ಕೇಳಿಸಿಕೊಂಡು, "ಹಿಂಗಂದ್ರೆ ಯಾರಮ್ಮ ಮಾತಾಡ್ತಾರೆ?" ಎಂದರು. ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಅವರು ಬೆಂಕಿಪೆಟ್ಟಿಗೆಯನ್ನು ನೋಡಿದರು. ಟೇಪನ್ನು ಹಾಗೇ ಬಿಟ್ಟರು. ಟೇಪಿನಲ್ಲಿ ಮತ್ತೆ ಟಕ್ ಟಕ್ ಶುರುವಾಯಿತು, ನನ್ನ ಕುರ್ಚಿ ನನಗೇ ಉಳಿಯಿತು.

ಒಂದು ತಿಂಗಳ ಮೇಲೆ, ಮಧ್ಯಾಹ್ನದ ಹೊತ್ತು, ಆ ಅಮ್ಮ ಆಫೀಸಿಗೇ ಬಂದರು. ಎರಡು ಬಸ್ ಬದಲಾಯಿಸಿ ಬಂದಿದ್ದರು. ಕೂರಲು ಕುರ್ಚಿ ಎಳೆದುಕೊಟ್ಟೆ, ಕೂರಲಿಲ್ಲ. ಮಗು ಹೇಗಿದೆ ಎಂದು ಕೇಳಿದೆ, ಚೆನ್ನಾಗಿದೆ ಎಂದರು. ನನ್ನ ಮುಖ ನೋಡಿದರು, ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆ ನೋಡಿದರು.

"ಭಾನುವಾರ ಫೋನ್ ಮಾಡಿದ್ದೆ. ನಾನು ಇಲ್ಲಿಲ್ಲ, ಮೆಷಿನ್ನು ಅಂತ ಹೇಳ್ತು, ನಿನ್ನ ದನೀಲೇ."

"ಹೌದಮ್ಮ."

"ಅವತ್ತೂ ನೀನು ಇರ್ಲಿಲ್ವಾ?"

"ಇರ್ಲಿಲ್ಲಮ್ಮ."

ಅವರು ಬೈಯಲಿಲ್ಲ. ತಿಂಡಿ ಆಯ್ತಾ ಅನ್ನಲಿಲ್ಲ, ಅಮ್ಮನ ಮಂಡಿ ಹೇಗಿದೆ ಎಂದೂ ಕೇಳಲಿಲ್ಲ. ಚೀಲದಿಂದ ಗ್ಯಾಸಿನ ಕಾರ್ಡ್ ತೆಗೆದು, ಕನ್ನಡಕ ಹಾಕಿಕೊಂಡು, ನಂಬರನ್ನು ಒಂದೊಂದೇ ಅಂಕಿಯಾಗಿ ನಿಧಾನವಾಗಿ ಓದಿದರು. ನನಗೆ ಬಾಯಿಪಾಠವಾಗಿದ್ದ ನಂಬರ್ ಅದು. ನಾನು ತಲೆ ತಗ್ಗಿಸಿ, ಅವರು ಹೇಳಿದ ಹಾಗೇ, ಒಂದೊಂದೇ ಅಂಕಿ ಬರೆದುಕೊಂಡೆ.